ಸೋಮವಾರದ ಹ್ಯಾಂಡಲ್

ನನ್ನ ಬಲಗೈ ಮೇಲೆ ಒಂದು ಕಾಲಕ್ಕೆ ಅಪವಾದವಿತ್ತು. ಕದ್ದದ್ದಲ್ಲ, ಹೊಡೆದದ್ದಲ್ಲ. ನಾನು ಮುಟ್ಟಿದ ಯಂತ್ರ ಕೆಡುತ್ತದೆ ಎಂಬ ಅಪವಾದ. ಶಿಕಾರಿಪುರದಲ್ಲಿ ನಾನು ಸೊಸೆಯಾಗಿ ಸೇರಿದ ಮನೆಯಲ್ಲಿ ಅದನ್ನು ಚಿಕ್ಕದಾಗಿ ಹೇಳುತ್ತಿದ್ದರು: ‘ಆಕಿ ಕೈಗುಣ ಚಲೋ ಇಲ್ಲ.’ ಆ ಮಾತಿಗೆ ಇಪ್ಪತ್ತೈದು ವರ್ಷದ ಮೇಲಾಯಿತು. ಈಗ ಅದನ್ನು ಯಾರೂ ಆಡುವುದಿಲ್ಲ. ಹಾಗೆಂದು ನಾನು ಮರೆತಿಲ್ಲ. ಮರೆಯುವುದು ದೊಡ್ಡ ಗುಣ ಎಂದು ಬುದ್ಧಿ ಹೇಳುವವರು ಮೊದಲು ತಮ್ಮ ಮೇಲೆ ಬಂದ ಮಾತನ್ನು ಮರೆತು ತೋರಿಸಲಿ.

ಎಲ್ಲಕ್ಕೂ ಮೂಲ ಒಂದು ವಿಡಿಯೋ ಗೇಮ್ ಪೆಟ್ಟಿಗೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನನ್ನ ಮೈದುನ ದಾವಣಗೆರೆಯಲ್ಲಿ ಕಾಲೇಜು ಓದುತ್ತಿದ್ದ. ಅಲ್ಲಿ ಯಾವುದೋ ಗೇಮಿನ ಅಂಗಡಿ ಮುಚ್ಚಿದಾಗ ಅದರ ಒಂದು ಪೆಟ್ಟಿಗೆಯನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಮನೆಗೆ ತಂದ. ಬೀರುವಿನಷ್ಟು ಎತ್ತರದ ಮರದ ಪೆಟ್ಟಿಗೆ. ಎದೆಯ ಮಟ್ಟದಲ್ಲಿ ಪರದೆ, ಅದರ ಕೆಳಗೆ ಕೆಂಪು ಉಂಡೆಯ ಹಿಡಿ, ಪಕ್ಕದಲ್ಲಿ ಆರು ಗುಂಡಿ. ಒಳಗಿದ್ದ ಹಳೆಯ ಬೋರ್ಡು ಸತ್ತುಹೋಗಿತ್ತು. ದಾವಣಗೆರೆಯ ಒಬ್ಬ ಮೆಕ್ಯಾನಿಕ್ ಅದನ್ನು ಕಿತ್ತು, ಆ ಜಾಗದಲ್ಲಿ ಒಂದು ಕಂಪ್ಯೂಟರನ್ನೇ ಕೂರಿಸಿ, ಹಿಡಿ ಗುಂಡಿಗಳನ್ನೆಲ್ಲ ಅದಕ್ಕೆ ಜೋಡಿಸಿಕೊಟ್ಟಿದ್ದ. ಕೆಳಗಿನ ಖಾನೆ ಎಳೆದರೆ ಕೀಬೋರ್ಡು. ಹೊರಗಿನಿಂದ ನೋಡಿದರೆ ಆಟದ ಪೆಟ್ಟಿಗೆ, ಒಳಗೆ ಕಂಪ್ಯೂಟರು. ಮನೆಯವರಿಗೆ ಹೊರಗಿನದು ಮಾತ್ರ ಕಾಣುತ್ತಿತ್ತು, ಎಡವಟ್ಟಾದದ್ದು ಅಲ್ಲೇ.

ನಮ್ಮದು ಹಿಟ್ಟಿನ ಗಿರಣಿಯ ಮನೆ. ಮುಂದೆ ಗಿರಣಿ, ಹಿಂದೆ ಅಡಿಗೆಮನೆ, ನಡುವೆ ಪಡಸಾಲೆ. ಮನೆಯ ಲೈನಿನಲ್ಲಿ ಕರೆಂಟು ಬಡವಾಗಿತ್ತು, ಸಂಜೆ ಬಲ್ಬು ಹಣ್ಣಾದ ನಿಂಬೆಯ ಬಣ್ಣಕ್ಕೆ ತಿರುಗುತ್ತಿತ್ತು. ಅದಕ್ಕೇ ಪೆಟ್ಟಿಗೆಯನ್ನು ಪಡಸಾಲೆಯಲ್ಲಿಟ್ಟು ಗಿರಣಿಯ ಮೇನ್ ಬೋರ್ಡಿನಿಂದ ವೈರು ಎಳೆದರು. ಆ ಬೋರ್ಡಿಗೆ ಕಬ್ಬಿಣದ ಪೆಟ್ಟಿಗೆ, ಪಕ್ಕದಲ್ಲಿ ಒಂದು ಗೇಣುದ್ದದ ಹ್ಯಾಂಡಲ್. ಮೇಲೆತ್ತಿದರೆ ಗಿರಣಿಗೆ ಜೀವ, ಕೆಳಗೆಳೆದರೆ ಇಲ್ಲ. ಆ ಹ್ಯಾಂಡಲನ್ನು ನಮ್ಮ ಮಾವನವರು ಬಿಟ್ಟರೆ ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಮಾವನವರು ಗಿರಣಿ ಹಾಕುವ ಮೊದಲು ಆರು ಎಕರೆ ಉತ್ತವರು. ತೊಗರ್ಸಿ ದಾರಿಯ ಹೊಲ ಇನ್ನೂ ಇತ್ತು, ಒಂದು ಜೊತೆ ಎತ್ತೂ ಇದ್ದವು. ಸೋಮವಾರ ಎತ್ತಿಗೆ ನೊಗ ಹಾಕಬಾರದು, ಅದು ಬಸವಣ್ಣನ ದಿನ. ಈ ಕಡೆ ಯಾವ ರೈತನೂ ಆ ದಿನ ಎತ್ತು ಹೂಡುವುದಿಲ್ಲ. ಮಾವನವರು ಅದನ್ನು ಗಿರಣಿಗೂ ತಂದಿದ್ದರು. ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ವಿಭೂತಿ ಗಟ್ಟಿ ಹಿಡಿದು ಬರುವರು. ಮೋಟರಿಗೆ ಮೂರು ಬೆರಳಿನ ವಿಭೂತಿ, ಗಿರಣಿಯ ಕಲ್ಲಿಗೆ ಮೂರು ಬೆರಳಿನ ವಿಭೂತಿ, ಆಮೇಲೆ ಹ್ಯಾಂಡಲ್ ಕೆಳಗೆ. ಮಂಗಳವಾರ ಬೆಳಿಗ್ಗೆಯವರೆಗೆ ಅದು ಏರುತ್ತಿರಲಿಲ್ಲ. ‘ದುಡಿಯೋ ಜೀವ ಐತಿ, ಒಂದಿನ ಉಸಿರು ಬಿಡ್ಲಿ’ ಎನ್ನುತ್ತಿದ್ದರು. ಈ ಮಾತು ನನಗೆ ಇಷ್ಟವಾಗುತ್ತಿತ್ತು. ಸೊಸೆಗೂ ಒಂದು ಸೋಮವಾರ ಇದ್ದಿದ್ದರೆ ಇನ್ನೂ ಇಷ್ಟವಾಗುತ್ತಿತ್ತು.

ಆಟದ ಪೆಟ್ಟಿಗೆ ಬಂದ ಮೇಲೆ ಅದರ ಹಣೆಗೂ ವಿಭೂತಿ ಬಿತ್ತು. ಗಾಜಿನ ಪರದೆಯ ಮೇಲೆ ಮೂರು ಗೆರೆ.

ಆ ಮನೆಯಲ್ಲಿ ಕಂಪ್ಯೂಟರನ್ನು ಹಚ್ಚಿ ಆರಿಸಲು ಕಲಿತಿದ್ದವಳು ನಾನೊಬ್ಬಳೇ. ಮದುವೆಗೆ ಮುಂಚೆ ಸೊರಬದಲ್ಲಿ ಟೈಪಿಂಗ್ ಕಲಿಯುತ್ತಿದ್ದಾಗ ಆ ಇನ್‌ಸ್ಟಿಟ್ಯೂಟಿಗೆ ಒಂದು ಕಂಪ್ಯೂಟರು ಬಂದಿತ್ತು. ಅದರ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು, ದೇವರ ಮನೆಗೆ ಹೋದ ಹಾಗೆ. ಮೊದಲ ಹದಿನೈದು ದಿನ ಮೇಷ್ಟ್ರು ನಮಗೆ ಬೇರೇನೂ ಕಲಿಸಲಿಲ್ಲ, ಹಚ್ಚುವುದು ಆರಿಸುವುದು ಅಷ್ಟೇ. ಬೇಜಾರಾಗುತ್ತಿತ್ತು. ಆದರೆ ಬೆರಳಿಗೆ ಕೂತಿತು. ಮೊದಲು ಸ್ಟೆಬಿಲೈಜರು. ಅದರ ಮುಳ್ಳು ಓಲಾಡುವುದು ನಿಲ್ಲುವವರೆಗೆ ಕಾಯಬೇಕು. ಆಮೇಲೆ ಪರದೆ, ಆಮೇಲೆ ಕಂಪ್ಯೂಟರಿನ ಗುಂಡಿ. ಅದು ಕಿರ್ರೆಂದು ಎದ್ದು ಕೂರುವವರೆಗೆ ಏನನ್ನೂ ಒತ್ತಬಾರದು. ಆರಿಸುವಾಗ ತಿರುಗಾಮುರುಗಾ. ಮೊದಲು ಆಟ ಮುಗಿಸಬೇಕು. ಆಮೇಲೆ ಪರದೆಯಲ್ಲೇ ‘ನಿಲ್ಲು’ ಎಂದು ಹೇಳಬೇಕು. ಅದು ತನ್ನ ಲೆಕ್ಕಪತ್ರ ಎತ್ತಿಟ್ಟುಕೊಂಡು, ಈಗ ಆರಿಸಿದರೆ ಅಪಾಯವಿಲ್ಲ ಎಂದು ಕಪ್ಪು ಪರದೆಯ ಮೇಲೆ ಕಿತ್ತಳೆ ಬಣ್ಣದ ಅಕ್ಷರದಲ್ಲಿ ಬರೆಯುತ್ತದೆ. ಆ ಅಕ್ಷರ ಬಂದ ಮೇಲೆಯೇ ಗುಂಡಿ, ಆಮೇಲೆ ಪರದೆ, ಆಮೇಲೆ ಸ್ಟೆಬಿಲೈಜರು. ಕೊನೆಗೆ ಮೇನು.

ಇದನ್ನೆಲ್ಲ ಒಂದು ರಟ್ಟಿನ ಮೇಲೆ ಕನ್ನಡದಲ್ಲಿ ಬರೆದು ಪೆಟ್ಟಿಗೆಯ ಪಕ್ಕಕ್ಕೆ ಮೊಳೆ ಹೊಡೆದು ನೇತುಹಾಕಿದೆ. ಆ ಮೊಳೆಗೆ ಮೈದುನ ತನ್ನ ಅಂಗಿ ನೇತುಹಾಕತೊಡಗಿದ. ರಟ್ಟನ್ನು ಓದಿದವರು ಯಾರೂ ಇಲ್ಲ.

ನಾನು ಆಡುತ್ತಿದ್ದೆ. ಇದನ್ನು ಹೇಳಲು ನನಗೆ ಆಗಲೂ ನಾಚಿಕೆ ಇರಲಿಲ್ಲ, ಈಗಲೂ ಇಲ್ಲ. ಮಧ್ಯಾಹ್ನ ಎಲ್ಲರ ಊಟವಾಗಿ ಪಾತ್ರೆ ತೊಳೆದ ಮೇಲೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪೆಟ್ಟಿಗೆಯ ಮುಂದೆ ನಿಂತು ಅರ್ಧ ಗಂಟೆ. ಆಕಾಶದಿಂದ ಸಾಲುಸಾಲಾಗಿ ಇಳಿಯುವ ಹಡಗುಗಳನ್ನು ಒಂದೊಂದೇ ಉರುಳಿಸುತ್ತಿದ್ದೆ. ಬೆಳಿಗ್ಗೆಯಿಂದ ಯಾರ್‍ಯಾರು ಏನೇನು ಅಂದಿದ್ದರೋ ಆ ಹಡಗುಗಳಿಗೆ ಅವರದೇ ಹೆಸರಿಟ್ಟುಕೊಂಡು ಹೊಡೆಯುತ್ತಿದ್ದೆ. ಮೈದುನನಿಗಿಂತ ನನ್ನ ಎಣಿಕೆ ಮುಂದಿತ್ತು. ಗಿರಣಿಗೆ ಜೋಳ ತಂದ ಹೆಂಗಸರು ಬಾಗಿಲಲ್ಲಿ ನಿಂತು ನೋಡುವರು. ಒಮ್ಮೆ ಮಾವನವರೂ ನಿಂತು ನೋಡಿದರು.

‘ಏನವ್ವ, ಗಂಡುಹುಡುಗ್ರಂಗೆ ನಿಂತ್ಕಂಡು ಏನ್ ಮಾಡಾಕತ್ತೀಯ?’

‘ಎಂತ ಇಲ್ಲ ಮಾವ, ಆಡ್ತಾ ಇದ್ದೀನಿ’ ಎಂದೆ. ನಮ್ಮ ಸೊರಬದ ಕಡೆ ‘ಏನು’ ಎನ್ನುವ ಕಡೆಯೆಲ್ಲ ‘ಎಂತ’ ಎನ್ನುತ್ತೇವೆ. ಆ ಮನೆಯಲ್ಲಿ ಅದಕ್ಕೂ ನಗುತ್ತಿದ್ದರು. ನಕ್ಕರೆ ನಗಲಿ ಎಂದು ನಾನು ಬದಲಿಸಿಕೊಳ್ಳಲಿಲ್ಲ.

ಮೊದಲ ಸಲ ಕೆಟ್ಟದ್ದು ಒಂದು ಮಂಗಳವಾರ. ಮಧ್ಯಾಹ್ನ ಹಚ್ಚಿದೆ. ನೀಲಿ ಪರದೆ ಬಂತು, ಬಿಳಿ ಅಕ್ಷರಗಳು ಓಡಿದವು, ಅಲ್ಲೇ ನಿಂತಿತು. ಮೆಕ್ಯಾನಿಕ್ ದಾವಣಗೆರೆಯಿಂದ ಬಂದು ಸರಿ ಮಾಡಿ ಹೋದ. ಎರಡನೆಯ ಸಲವೂ ಮಂಗಳವಾರ, ನನ್ನ ಕೈಯಲ್ಲೇ. ಈ ಸಲ ಅವನು ಪೆಟ್ಟಿಗೆಯ ಹಿಂಬದಿ ಬಿಚ್ಚಿ ತಲೆ ಆಡಿಸಿದ.

‘ಇದು ನಡೀತಿರುವಾಗ ಯಾರೋ ಕರೆಂಟ್ ತೆಗ್ದಾರೆ. ಒಳಗೆ ತಟ್ಟೆ ತಿರುಗ್ತಿರ್ತೈತಿ ನೋಡ್ರಿ, ಆವಾಗ ಕರೆಂಟ್ ತೆಗೆದ್ರೆ ಬರ್ದಿದ್ದೆಲ್ಲ ಹಾಳಾಗ್ತೈತಿ. ಇದನ್ನ ದಿನಾ ಯಾರು ಆರಿಸ್ತಾರ್ರಿ?’

ಎಲ್ಲರೂ ನನ್ನ ಕಡೆ ತಿರುಗಿದರು. ದಿನವೂ ಆರಿಸುತ್ತಿದ್ದವಳು ನಾನೇ ತಾನೆ. ಮೈದುನ ಶನಿವಾರ ಸಂಜೆ ಬಂದು ಸೋಮವಾರ ಮೊದಲ ಬಸ್ಸಿಗೆ ದಾವಣಗೆರೆಗೆ ಹೋಗುತ್ತಿದ್ದ. ಆ ಎರಡು ದಿನ ಬಿಟ್ಟರೆ ಪೆಟ್ಟಿಗೆ ನನ್ನದು. ಕರೆಂಟು ಹೋಗುವ ಹೊತ್ತು ನನಗೆ ಗೊತ್ತಿತ್ತು, ಅದಕ್ಕೆ ಕಾಲು ಗಂಟೆ ಮುಂಚೆಯೇ ಆರಿಸಿಬಿಡುತ್ತಿದ್ದೆ. ಒಂದು ದಿನವೂ ಆ ಕಿತ್ತಳೆ ಅಕ್ಷರ ಕಾಣದೆ ಗುಂಡಿ ಒತ್ತಿದವಳಲ್ಲ. ಹೇಳಿದೆ. ಕೇಳಿದವರಿಲ್ಲ.

ಅತ್ತೆಯವರು ಅಂದು ಸಂಜೆ ಆ ಮಾತು ಆಡಿದರು. ‘ಬಂದ ವರ್ಸ ಮಿಕ್ಸಿ ಸುಟ್ಟಿತು. ಆಮೇಲೆ ರೇಡಿಯೋ. ಈಗ ಇದು. ಕೈಗುಣ ಅಂತ ಒಂದು ಇರ್ತೈತಿ, ಅದಕ್ಕ ಯಾರೇನ್ ಮಾಡಾಕಾಗ್ತೈತಿ.’ ಮಿಕ್ಸಿ ಸುಟ್ಟದ್ದು ನೆನೆಸದ ಉದ್ದು ಹಾಕಿದ್ದಕ್ಕೆ, ಹಾಕಿದವರು ಅವರೇ. ರೇಡಿಯೋಗೆ ಹದಿನೆಂಟು ವರ್ಷವಾಗಿತ್ತು. ಆದರೆ ಒಂದು ಸಲ ಮಾತು ಹುಟ್ಟಿದ ಮೇಲೆ ಅದಕ್ಕೆ ಸಾಕ್ಷಿ ತಾನಾಗಿ ಹುಟ್ಟುತ್ತದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ.

ಅಂದಿನಿಂದ ಹಾಲಿಗೆ ಹೆಪ್ಪು ಹಾಕುವುದು ನನ್ನ ಕೈಯಿಂದ ತಪ್ಪಿತು. ಹೇಳಿ ತಪ್ಪಿಸಲಿಲ್ಲ. ನಾನು ಹಾಲಿನ ಪಾತ್ರೆ ಇಳಿಸುವ ಹೊತ್ತಿಗೆ ಅತ್ತೆ ಬಂದು ‘ಸರಿ, ನೀ ಹೋಗು’ ಎಂದು ಹೆಪ್ಪಿನ ಬಟ್ಟಲು ತಾವೇ ಎತ್ತಿಕೊಳ್ಳುವರು. ಬೆಳಿಗ್ಗೆ ಗಿರಣಿಗೆ ಬರುವ ಮೊದಲ ಗಿರಾಕಿಯ ಡಬ್ಬಿಯನ್ನು ನಾನು ಇಸಿದುಕೊಳ್ಳುವಂತಿರಲಿಲ್ಲ. ಹೊಲಕ್ಕೆ ಮೊದಲ ಹಿಡಿ ಬೀಜ ಹಾಕುವ ದಿನ ನನ್ನನ್ನು ಮನೆ ಕಾಯಲು ಬಿಟ್ಟರು. ಒಂದು ಹೆಣ್ಣಿನ ಕೈಯನ್ನು ಕಟ್ಟಿಹಾಕಲು ಹಗ್ಗ ಬೇಕಿಲ್ಲ ಎಂಬುದನ್ನು ನಾನು ಆ ಬೇಸಿಗೆಯಲ್ಲಿ ಕಲಿತೆ.

ಸಿಟ್ಟು ಬಂತು. ಅತ್ತುಕೊಂಡು ಕೂರುವ ಜಾತಿ ನನ್ನದಲ್ಲ. ಒಂದು ಸಣ್ಣ ಸ್ಟೀಲ್ ಬಟ್ಟಲಲ್ಲಿ ನನ್ನ ಪಾಲಿನ ಹಾಲು ತೆಗೆದಿಟ್ಟು, ನಮ್ಮ ಕೋಣೆಯ ಕಿಟಕಿಯಲ್ಲಿಟ್ಟು, ನಾನೇ ಹೆಪ್ಪು ಹಾಕಿದೆ. ಬೆಳಿಗ್ಗೆ ನೋಡಿದರೆ ಬಟ್ಟಲು ಬೋರಲು ಹಾಕಿದರೂ ಬೀಳದಂಥ ಮೊಸರು. ನನ್ನ ಗಂಡನ ಮುಂದೆ ಹಿಡಿದೆ.

‘ನೋಡ್ರಿ, ಇದು ನನ್ನ ಕೈ.’

ಅವರು ಒಂದು ಚಮಚ ತಿಂದರು, ಇನ್ನೊಂದು ತಿಂದರು, ಬಟ್ಟಲು ಖಾಲಿ ಮಾಡಿದರು. ‘ಚಲೋ ಆಗೈತಿ’ ಎಂದರು. ಹೊರಗೆ ಹೋಗಿ ತಮ್ಮ ತಾಯಿಯ ಮುಂದೆ ಅದೇ ಮಾತು ಹೇಳಿ ಎಂದರೆ, ಬಾಯಿ ಒರೆಸಿಕೊಂಡು ಅಂಗಿ ಹಾಕಿಕೊಂಡರು. ಒಳ್ಳೆಯ ಮನುಷ್ಯ. ಆದರೆ ಅವರ ಒಳ್ಳೆಯತನ ನಮ್ಮ ಕೋಣೆಯ ಹೊಸ್ತಿಲು ದಾಟುತ್ತಿರಲಿಲ್ಲ.

ಆ ದಿನಗಳಲ್ಲೇ ನನ್ನ ಅಮ್ಮ ಸೊರಬದಿಂದ ನನ್ನನ್ನು ನೋಡಲು ಬಂದಳು. ಊಟಕ್ಕೆ ಕೂತಾಗ ಅತ್ತೆ ಬಡಿಸುತ್ತ, ಸಾರು ಖಾರವಾಯಿತೇನೋ ಎನ್ನುವಷ್ಟು ಸಲೀಸಾಗಿ ಹೇಳಿದರು: ‘ನಿಮ್ಮ ಮಗಳು ಎಲ್ಲದ್ರಾಗೂ ಚಲೋ ಅದಾಳ್ರಿ. ಕೈಗುಣ ಒಂದು ಇಲ್ಲ ನೋಡ್ರಿ.’ ಅಮ್ಮ ಕೈಯಲ್ಲಿದ್ದ ತುತ್ತನ್ನು ಬಾಯಿಗೆ ಹಾಕಿಕೊಂಡಳು. ಅದನ್ನು ಅಗಿಯಲು ಅವಳು ತೆಗೆದುಕೊಂಡ ಹೊತ್ತು ನನಗೆ ಇವತ್ತಿಗೂ ಗೊತ್ತು. ಬೀಳ್ಕೊಡಲು ಬಸ್‌ಸ್ಟ್ಯಾಂಡಿಗೆ ಹೋದಾಗ ನನ್ನ ಬಲಗೈ ಹಿಡಿದುಕೊಂಡು, ‘ಸ್ವಲ್ಪ ಅನುಸರಿಸ್ಕಂಡು ಹೋಗು ಮಾರಾಯ್ತಿ. ಅವರಿಗೇ ಒಂದಿನ ಗೊತ್ತಾಗುತ್ತೆ’ ಎಂದಳು.

‘ಗೊತ್ತಾಗಲ್ಲಮ್ಮ. ಗೊತ್ತು ಮಾಡಿಸಬೇಕು’ ಎಂದೆ. ಬಸ್ಸು ಹೊರಟಿತು. ಅವಳು ಕಿಟಕಿಯಿಂದ ನನ್ನ ಮುಖ ನೋಡಲಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದಳು. ನನಗೆ ಕೆಟ್ಟದೆನಿಸಿದ್ದು ಅದು. ಹೆತ್ತವಳಿಗೂ ಒಂದು ಗಳಿಗೆ ಅನುಮಾನ ಬಂತಲ್ಲ ಎಂದು.

ಮಳೆಗಾಲ ಹಿಡಿಯುವ ಹೊತ್ತಿಗೆ ಮೂರನೆಯ ಸಲ ಕೆಟ್ಟಿತು. ಆಗಲೂ ಮಂಗಳವಾರ. ಮೆಕ್ಯಾನಿಕ್ ಒಳಗಿನ ತಟ್ಟೆಯನ್ನೇ ಬದಲಿಸಿದ. ಇನ್ನೊಂದು ಸಲ ಕೆಟ್ಟರೆ ಪೆಟ್ಟಿಗೆ ಗುಜರಿಗೆ ಎಂದು ಮಾವನವರು ಹೇಳಿದರು. ಮಂಗಳವಾರ ನೀನು ಅದನ್ನು ಮುಟ್ಟಲೇಬೇಡ ಎಂದು ಅತ್ತೆ ಹೇಳಿದರು. ಪೆಟ್ಟಿಗೆ ಗುಜರಿಗೆ ಹೋದರೆ ಹೋಗಲಿ. ಆದರೆ ಅದು ಕೆಟ್ಟ ಪೆಟ್ಟಿಗೆಯಾಗಿ ಗುಜರಿಗೆ ಹೋದರೆ ನಾನು ಜೀವನಪೂರ್ತಿ ಕೆಟ್ಟ ಕೈಯವಳಾಗಿ ಈ ಮನೆಯಲ್ಲಿ ಉಳಿಯಬೇಕು. ಸಾಕ್ಷಿಯೇ ಹೋದ ಮೇಲೆ ವಾದ ಎಲ್ಲಿ?

ಯಾಕೆ ಮಂಗಳವಾರವೇ ಎಂಬ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು. ಸೋಮವಾರ ಪೆಟ್ಟಿಗೆಗೆ ಕರೆಂಟೇ ಇರುವುದಿಲ್ಲ, ಅಂದು ಕೆಡಲು ಸಾಧ್ಯವಿಲ್ಲ ಎಂದೇ ನಾನೂ ತಿಳಿದಿದ್ದೆ. ಸೋಮವಾರ ಬೆಳಿಗ್ಗೆ ಪಡಸಾಲೆ ಗುಡಿಸಿ ಸಾರಿಸುವುದು ಅತ್ತೆಯ ಕೆಲಸ, ಮಾವನವರ ಪೂಜೆಯ ದಾರಿ ಅದು. ನಾನು ಆ ಹೊತ್ತಿಗೆ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿರುತ್ತಿದ್ದೆ.

ಒಂದು ಸೋಮವಾರ ಅತ್ತೆ ಮನೆಯಲ್ಲಿರಲಿಲ್ಲ. ಓಣಿಯ ಹೆಂಗಸರ ಜೊತೆ ಚಂದ್ರಗುತ್ತಿ ಅಮ್ಮನ ಗುಡಿಗೆ ಹೋಗಿದ್ದರು. ಮೈದುನ ಬ್ಯಾಗು ಹಾಕಿಕೊಂಡು ಮೊದಲ ಬಸ್ಸಿಗೆ ಓಡಿದ್ದ. ಗಂಡ ಹೊಲದ ಕಡೆ ಹೋಗಿದ್ದರು. ಪಡಸಾಲೆ ಗುಡಿಸುವ ಕೆಲಸ ನನಗೆ ಬಂತು. ಪೆಟ್ಟಿಗೆಯ ಹಿಂದೆ ಪೊರಕೆ ಹಾಕಲು ಬಗ್ಗಿದವಳು ಆಸರೆಗೆಂದು ಅದರ ಬೆನ್ನಿಗೆ ಕೈ ಊರಿದೆ.

ಬೆಚ್ಚಗಿತ್ತು.

ಕಿವಿಗೊಟ್ಟೆ. ಒಳಗೆ ಫ್ಯಾನು ಸಣ್ಣಗೆ ತಿರುಗುತ್ತಿತ್ತು. ಮುಂದೆ ಬಂದು ನೋಡಿದರೆ ಪರದೆ ಕಪ್ಪಗೆ. ಪರದೆಯ ಗುಂಡಿ ಒತ್ತಿದೆ. ಮೈದುನ ಹಿಂದಿನ ದಿನ ಆಡಿ ನಿಲ್ಲಿಸಿದ್ದ ಆಟ ಹಾಗೇ ಕೂತಿತ್ತು, ಹಡಗುಗಳು ಇಳಿಯಲು ಕಾಯುತ್ತಿದ್ದವು. ಆ ಮಹಾರಾಯ ಪರದೆ ಆರಿಸಿ, ಪೆಟ್ಟಿಗೆ ಆರಿಸಿದೆ ಎಂದುಕೊಂಡು ಹೋಗಿದ್ದ. ಪ್ರತಿ ವಾರವೂ ಹಾಗೇ ಹೋಗಿದ್ದಿರಬೇಕು. ಇನ್ನು ಸ್ವಲ್ಪ ಹೊತ್ತಿಗೆ ಮಾವನವರು ವಿಭೂತಿ ಹಿಡಿದು ಬರುತ್ತಾರೆ, ನಡೆಯುತ್ತಿರುವ ಕಂಪ್ಯೂಟರಿನ ಉಸಿರನ್ನು ಮೇನಿನಿಂದಲೇ ಕಿತ್ತುಬಿಡುತ್ತಾರೆ. ಮಂಗಳವಾರ ನಾನು ಹಚ್ಚುತ್ತೇನೆ, ಸತ್ತದ್ದು ನನ್ನ ಕೈಗೆ ಸಿಗುತ್ತದೆ. ಇಷ್ಟು ದಿನ ನನ್ನ ಕೈಗುಣ ಎಂದದ್ದು ಇದನ್ನು.

ಒಳಗೆ ದೇವರ ಮುಂದೆ ಗಂಟೆಯ ಸದ್ದು ನಿಂತಿತು. ಪೂಜೆ ಮುಗಿದಿತ್ತು. ನಾನು ಪೊರಕೆ ಬಿಸಾಕಿ, ಗಿರಣಿಯ ಬೋರ್ಡಿನ ಹತ್ತಿರ ಹೋಗಿ, ಆ ಹ್ಯಾಂಡಲ್ ಮೇಲೆ ಬಲಗೈ ಇಟ್ಟು ನಿಂತೆ.

ಮಾವನವರು ಒದ್ದೆ ತಲೆಯಲ್ಲಿ, ಹಣೆಗೆ ವಿಭೂತಿ ಧರಿಸಿ ಬಂದರು. ನನ್ನ ಕೈ ಎಲ್ಲಿದೆ ಎಂದು ನೋಡಿದರು. ಮುಖ ಕೆಂಪಾಯಿತು.

‘ಕೈ ತೆಗಿ.’

‘ತೆಗೆಯಲ್ಲ ಮಾವ.’

‘ಸೋಮವಾರ ಐತಿ ಇವತ್ತು. ಗಿರಣಿ ಲಕ್ಷ್ಮಿ ಇದ್ದಂಗೆ. ನಿನ್ನ ಕೈ ಅದಕ್ಕ ತಾಕಬಾರದು ಅಂತ ಹೇಳಿದ್ದು ಗೊತ್ತೈತಿಲ್ಲೋ?’

‘ಗೊತ್ತಿದೆ. ಅದಕ್ಕೇ ಇಟ್ಟಿದ್ದು. ಆ ಪೆಟ್ಟಿಗೆ ಇನ್ನೂ ನಡೀತಾ ಇದೆ. ನೀವು ಇದನ್ನ ಎಳೆದ್ರೆ ಅದು ಸಾಯುತ್ತೆ. ಮೂರು ಸಲ ಸತ್ತಿದ್ದೂ ಹೀಗೇ.’

‘ಕುಣೀಲಾರದಾಕಿ ನೆಲ ಡೊಂಕು ಅಂದ್ಳಂತೆ’ ಎಂದರು.

‘ನೆಲ ಡೊಂಕೋ ನೆಟ್ಟಗೋ, ಒಂದ್ಸಲ ಬಂದು ಮುಟ್ಟಿ ನೋಡಿ.’

ಅವರು ಬರಲಿಲ್ಲ. ನಾನು ಕೈ ತೆಗೆಯಲಿಲ್ಲ. ಆ ಮನೆಯಲ್ಲಿ ಅವರ ಎದುರು ಅಷ್ಟು ಹೊತ್ತು ನಿಂತವರು ಯಾರೂ ಇರಲಿಲ್ಲವೆಂದು ಕಾಣುತ್ತದೆ, ಮುಂದೇನು ಮಾಡಬೇಕೆಂದು ಅವರಿಗೂ ಗೊತ್ತಾಗಲಿಲ್ಲ. ಕೊನೆಗೆ ನಾನೇ ಕೇಳಿದೆ:

‘ಮಾವ, ಎತ್ತು ಸಾಲಿನ ನಡುವೆ ಇದ್ದಾಗ, ಹೊತ್ತಾಯ್ತು ಅಂತ ನೊಗದ ಸಮೇತ ಅಲ್ಲೇ ಕೆಡವ್ತೀರಾ?’

‘ಹುಚ್ಚಿ ಇದೀಯೇನು?’

‘ಮತ್ತೆಂತ ಮಾಡ್ತೀರಿ?’

‘ಸಾಲಿನ ಕೊನಿ ಮುಟ್ಟಿಸ್ತೀವಿ. ಕೊಳ್ಳಾಗಿನ ಹಗ್ಗ ಬಿಚ್ತೀವಿ. ನೊಗ ಇಳಿಸ್ತೀವಿ. ಮೈ ಆರಿದ ಮೇಲೆ ನೀರು. ಆಮೇಲೆ ಕೊಟ್ಟಿಗಿ.’

‘ಇದನ್ನೂ ಹಂಗೇ ಬಿಚ್ಚಬೇಕು. ಇಲ್ಲಿ ತನಕ ನೀವು ಸಾಲಿನ ನಡುವೆ ಕೆಡವಿದ್ದೀರಿ. ಮುಟ್ಟಿ ನೋಡಿ, ಮೈ ಇನ್ನೂ ಬಿಸಿ ಇದೆ.’

ಅವರು ಪೆಟ್ಟಿಗೆಯ ಹಿಂದೆ ಹೋದರು. ಎತ್ತಿನ ಬೆನ್ನು ಮುಟ್ಟುವ ಹಾಗೇ ಅಂಗೈ ಪೂರಾ ಇಟ್ಟರು. ನಾನು ಹ್ಯಾಂಡಲ್ ಬಿಟ್ಟು ಬಂದು ಖಾನೆ ಎಳೆದು, ಆಟ ಮುಗಿಸಿ, ಅವರು ನೋಡುತ್ತಿದ್ದ ಹಾಗೇ ಒಂದೊಂದಾಗಿ ಮಾಡಿದೆ. ಕಪ್ಪು ಪರದೆಯ ಮೇಲೆ ಕಿತ್ತಳೆ ಅಕ್ಷರ ಬಂತು.

‘ಏನಂತ ಬರ್ದೈತಿ ಅದು?’

‘ಇವತ್ತಿನ ಕೆಲಸ ಮುಗೀತು, ಇನ್ನು ನೊಗ ಇಳಿಸ್ಬಹುದು ಅಂತ.’

ಸ್ವಲ್ಪ ಸೇರಿಸಿಯೇ ಹೇಳಿದೆ, ಅದರಲ್ಲಿ ತಪ್ಪೇನಿಲ್ಲ. ಕಂಪ್ಯೂಟರಿನ ಗುಂಡಿ ಒತ್ತಿದೆ, ಪರದೆ ಆರಿಸಿದೆ, ಸ್ಟೆಬಿಲೈಜರ್ ಆರಿಸಿದೆ. ಫ್ಯಾನಿನ ಸದ್ದು ನಿಂತಿತು. ಆಗ ಅವರು ಮೋಟರಿಗೆ, ಕಲ್ಲಿಗೆ, ಪೆಟ್ಟಿಗೆಗೆ ವಿಭೂತಿ ಹಚ್ಚಿ ಹ್ಯಾಂಡಲ್ ಕೆಳಗೆಳೆದರು. ಕೈ ಒರೆಸಿಕೊಂಡು ಒಳಗೆ ಹೋದರು.

ಮಂಗಳವಾರ ಮಧ್ಯಾಹ್ನ ನಾನೇ ಹಚ್ಚಿದೆ. ಎದ್ದು ಕೂತಿತು. ಮುಂದಿನ ಮಂಗಳವಾರವೂ ಎದ್ದಿತು, ಅದರ ಮುಂದಿನದೂ.

ಶನಿವಾರ ಬಂದ ಮೈದುನನನ್ನು ಪೆಟ್ಟಿಗೆಯ ಮುಂದೆ ನಿಲ್ಲಿಸಿ, ಮೊಳೆಯ ಮೇಲಿನ ಅವನ ಅಂಗಿ ತೆಗೆದು ಅವನ ಹೆಗಲಿಗೆ ಹಾಕಿ, ರಟ್ಟು ಓದಿಸಿದೆ. ಮೂರು ಸಲ ಹಚ್ಚಿ ಮೂರು ಸಲ ಆರಿಸು ಎಂದೆ. ‘ಪರದೆ ಆರಿದ್ರೆ ಎಲ್ಲ ಆರ್ತೈತಿ ಅಂದ್ಕಂಡಿದ್ದೆ ಅತ್ತಿಗೆ’ ಎಂದು ನಕ್ಕ. ಓದಿದವನು, ದಾವಣಗೆರೆಯ ಕಾಲೇಜಿನವನು. ಹೋಗಿ ನಿಮ್ಮ ಅವ್ವನಿಗೆ ಹೇಳು ಎಂದರೆ, ‘ಅಪ್ಪಾಜಿ ಎಳೆದದ್ದು, ಅಪ್ಪಾಜಿನೇ ಹೇಳ್ಲಿ’ ಎಂದ. ಗಂಡನಿಗೆ ಹೇಳಿದೆ. ‘ಈಗ ಸರಿ ಹೋತಲ್ಲ, ಇನ್ಯಾಕೆ’ ಎಂದರು. ಅತ್ತೆಗೆ ನಾನೇ ಹೇಳಿದೆ. ಅವರು ಮಾವನವರ ಮುಖ ನೋಡಿದರು. ಮಾವನವರು ‘ಹೋಗ್ಲಿ ಬಿಡು’ ಎಂದು ಚಹದ ಲೋಟ ಎತ್ತಿಕೊಂಡರು.

ನಿಜ ಗೊತ್ತಿದ್ದ ಗಂಡಸರು ಮೂರು ಮಂದಿ. ಬಾಯಿ ಬಿಟ್ಟವರು ಒಬ್ಬರೂ ಇಲ್ಲ. ಹೆಪ್ಪಿನ ಬಟ್ಟಲು ಅತ್ತೆಯ ಕೈಯಲ್ಲೇ ಇತ್ತು.

ಒಂದು ಬದಲಾವಣೆ ಮಾತ್ರ ಆಯಿತು. ಸೋಮವಾರ ಬೆಳಿಗ್ಗೆ ಮಾವನವರು ವಿಭೂತಿ ಹಿಡಿದು ಪಡಸಾಲೆಯ ಬಾಗಿಲಲ್ಲಿ ನಿಂತು, ಬೇರೆ ಯಾರಿಗೂ ಕೇಳದ ಹಾಗೆ, ‘ಬಿಚ್ಚಿದೇನವ್ವ?’ ಎಂದು ಕೇಳುವರು. ‘ಬಿಚ್ಚಿದೆ ಮಾವ’ ಎಂದ ಮೇಲೆಯೇ ಹ್ಯಾಂಡಲಿಗೆ ಕೈ ಹಾಕುವರು. ಆ ಮೆಲುದನಿ ನನಗೆ ಸಾಲದಾಗಿತ್ತು. ಅಪವಾದವನ್ನು ಊಟದ ಪಂಕ್ತಿಯಲ್ಲಿ ನನ್ನ ಹೆತ್ತವಳ ಮುಂದೆ ಹೊರಿಸಿದ್ದರು, ಅದನ್ನು ಇಳಿಸುವುದು ಮಾತ್ರ ಗುಟ್ಟಾಗಿ ಯಾಕೆ?

ಆ ವರ್ಷ ಆಯುಧಪೂಜೆಗೆ ಗಿರಣಿಗೆ ಖಾರದಪುಡಿ ಮಾಡುವ ಹೊಸ ಯಂತ್ರ ಬಂತು. ಕುಂಬಳಕಾಯಿ, ಚೆಂಡುಹೂವು, ಬಾಳೆಕಂದು. ಗಿರಾಕಿಗಳು, ಓಣಿಯವರು, ಒಟ್ಟು ನಲವತ್ತು ಮಂದಿ ಗಿರಣಿಯ ತುಂಬ. ಹೊಸ ಯಂತ್ರದ ಸ್ಟಾರ್ಟರ್ ಡಬ್ಬಿಗೆ ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ, ಎರಡಕ್ಕೂ ಕುಂಕುಮ. ಮೊದಲ ಗುಂಡಿ ಒತ್ತುವುದು ಯಾವಾಗಲೂ ಮಾವನವರೇ. ನಾನು ಹಿಂದೆ, ಬಾಗಿಲ ಹತ್ತಿರ, ನನಗೆಂದು ಗೊತ್ತಾದ ಜಾಗದಲ್ಲಿ ನಿಂತಿದ್ದೆ.

ಮಂಗಳಾರತಿ ಆದ ಮೇಲೆ ಮಾವನವರು ಹಿಂದೆ ತಿರುಗಿ ನನ್ನನ್ನು ಹುಡುಕಿದರು.

‘ಬಾ ಇಲ್ಲಿ. ಈ ಸಲ ನೀನು ಒತ್ತು.’

ಅತ್ತೆಯ ಕೈಯಲ್ಲಿದ್ದ ಆರತಿ ತಟ್ಟೆ ಅಲ್ಲಾಡಿತು. ನಾನು ಮುಂದೆ ಹೋದೆ. ಗುಂಡಿಯ ಮುಂದೆ ನಿಂತು ಎರಡೂ ಕೈ ಕಟ್ಟಿಕೊಂಡೆ.

‘ಒತ್ತಲ್ಲ ಮಾವ.’

‘ಯಾಕ?’

‘ನನ್ನ ಕೈಗುಣ ಚಲೋ ಇಲ್ಲ ಅಂತ ಈ ಮನೇಲಿ ಮಾತಿದೆ. ಹೊಸ ಯಂತ್ರ, ನಾಳೆ ಕೆಟ್ರೆ ಯಾರ ತಲೆ ಮೇಲೆ? ಆ ಮಾತು ಇದ್ರೆ ಇರಲಿ, ನಾನು ಹಿಂದೆ ನಿಲ್ತೀನಿ. ಇಲ್ಲ ಅಂದ್ರೆ ಇಲ್ಲ ಅಂತ ಹೇಳಿ. ಎಲ್ಲರ ಎದುರಿಗೆ.’

‘ಸಾಕು ಬಾರೆ’ ಎಂದು ಗಂಡ ಹಿಂದಿನಿಂದ ಪಿಸುಗುಟ್ಟಿದರು. ಸಾಕಾಗಿತ್ತು ನಿಜ, ಅದಕ್ಕೇ ತಾನೆ ನಾನು ಅಲ್ಲಿ ನಿಂತದ್ದು. ಮಾವನವರು ಚೆಂಡುಹೂವಿನ ಹಾರವನ್ನು ನೆಟ್ಟಗೆ ಮಾಡಿದರು, ನೆಟ್ಟಗಿದ್ದದ್ದನ್ನೇ ಮತ್ತೆ ಮಾಡಿದರು. ಆಮೇಲೆ ಅತ್ತೆಯ ಕಡೆ ತಿರುಗಿ, ಗಿರಣಿ ನಡೆಯುವಾಗ ಮಾತಾಡುವಷ್ಟು ಗಟ್ಟಿಯಾಗಿ ಹೇಳಿದರು:

‘ಆ ಪೆಟ್ಟಿಗಿ ಕೆಡಿಸಿದ್ದು ನಾನು. ಮೂರು ಸಲಾನೂ. ಹ್ಯಾಂಡಲ್ ಎಳೆದ ಕೈ ನಂದು. ಈಕಿದಲ್ಲ.’

ಅಳುವುದಿಲ್ಲ ಎಂದು ಮೊದಲೇ ನಿಶ್ಚಯ ಮಾಡಿದ್ದೆ. ಹಸಿರು ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಒತ್ತಿದೆ.

ಏನೂ ಆಗಲಿಲ್ಲ.

ಮತ್ತೆ ಒತ್ತಿದೆ. ಯಂತ್ರ ಸುಮ್ಮನೆ ಕೂತಿತ್ತು. ಹಿಂದಿನಿಂದ ಯಾರೋ ಲೊಚಗುಟ್ಟಿದರು. ನಲವತ್ತು ಮಂದಿಯ ಕಣ್ಣು ನನ್ನ ಬಲಗೈ ಮೇಲೆ ಬಂದು ಕೂತದ್ದು ಗೊತ್ತಾಯಿತು. ಅದನ್ನು ಸೆರಗಿನೊಳಗೆ ಎಳೆದುಕೊಳ್ಳಬೇಕು ಎನಿಸಿತು. ಎಳೆದುಕೊಳ್ಳಲಿಲ್ಲ. ಸ್ಟಾರ್ಟರ್ ಡಬ್ಬಿಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟೆ.

ಮಾವನವರು ತಲೆಯೆತ್ತಿ ತೊಲೆಗೆ ಕಟ್ಟಿದ್ದ, ಮನೆಯ ಲೈನಿನ ಬಲ್ಬು ನೋಡಿದರು. ಆರಿತ್ತು.

‘ಲೈನ್ ಹೋಗೈತಿ, ಅಷ್ಟ’ ಎಂದರು. ‘ಯಾರೂ ಏನೂ ಅನ್ನಂಗಿಲ್ಲ. ಯಾರೂ ಹೋಗಂಗೂ ಇಲ್ಲ.’ ಮೇನ್ ಹ್ಯಾಂಡಲನ್ನು ಕೆಳಗೆಳೆದು ಗೋಡೆಗೊರಗಿ ನಿಂತರು.

ಯಾರೂ ಹೋಗಲಿಲ್ಲ. ಬಲ್ಬು ಮತ್ತೆ ಹತ್ತಿಕೊಂಡಾಗ ಎಲ್ಲರೂ ಒತ್ತು ಒತ್ತು ಎಂದರು. ಮಾವನವರು ಹ್ಯಾಂಡಲ್ ಮೇಲೆತ್ತಲಿಲ್ಲ, ನಾನೂ ಕೇಳಲಿಲ್ಲ. ಬಂದ ಕರೆಂಟು ಓಲಾಡುವುದು ನಿಲ್ಲುವವರೆಗೆ ಐದು ನಿಮಿಷ ಕಾಯಬೇಕು, ಇದು ಮೋಟರಿಗೂ ಒಂದೇ ಕಂಪ್ಯೂಟರಿಗೂ ಒಂದೇ, ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಐದು ನಿಮಿಷವೂ ನನ್ನ ಕೈ ಆ ಡಬ್ಬಿಯ ಮೇಲೆಯೇ ಇತ್ತು. ನೋಡುವವರು ನೋಡಿಕೊಳ್ಳಲಿ ಎಂದು ಇಟ್ಟಿದ್ದೆ. ಹ್ಯಾಂಡಲ್ ಏರಿತು. ಒತ್ತಿದೆ.

ಯಂತ್ರ ತಿರುಗಿತು. ಮೊದಲ ಹಿಡಿ ಒಣಮೆಣಸಿನಕಾಯಿಗೆ ಗಿರಣಿಯಲ್ಲಿದ್ದವರೆಲ್ಲ ಸೀನಿದರು, ಎಲ್ಲರಿಗಿಂತ ಜೋರಾಗಿ ಅತ್ತೆ. ಸೀನು ನಿಂತ ಮೇಲೆ ಕಣ್ಣು ಮೂಗು ಒರೆಸಿಕೊಳ್ಳುತ್ತ, ನನ್ನ ಮುಖ ನೋಡದೆ, ‘ಸಂಜಿಗೆ ಹಾಲಿಗೆ ಹೆಪ್ಪು ನೀನೇ ಹಾಕು’ ಎಂದರು.

‘ನಮ್ಮ ಕೋಣೆ ಕಿಟಕೀಲಿ ದಿನಾ ಹಾಕ್ತಾನೇ ಇದ್ದೀನಿ ಅತ್ತೆ’ ಎಂದೆ. ‘ನಿಮ್ಮ ಪಾತ್ರೆಗೂ ಅದರಲ್ಲೇ ಒಂದು ಚಮಚ ಕೊಡ್ತೀನಿ.’